ಎಚ್-ಇಂಡೆಕ್ಸ್ ಕಾಲಂ ತುಂಬುವ ಮುನ್ನ: ಸಾಹಿತ್ಯದ ಅಧ್ಯಾಪಕರಿಗೆ ಉಲ್ಲೇಖಗಳ ಲೆಕ್ಕ

ಮಂಡ್ಯದಿಂದ ಬೆಳಗಿನ ರೈಲಿಗೆ ಬಂದ ಮೇಡಂ, ಮೈಸೂರಿನ ಸರಸ್ವತೀಪುರಂನ ನಮ್ಮ ಮನೆಯ ಜಗಲಿ ಮೇಲೆ ಎರಡು ಚೀಲ ಇಳಿಸಿದರು. ಒಂದರಲ್ಲಿ ಅಚ್ಚುಬೆಲ್ಲ. ಇನ್ನೊಂದರಲ್ಲಿ ಅವರ ಇಪ್ಪತ್ತೆರಡು ವರ್ಷದ ಬರವಣಿಗೆ: ಪತ್ರಿಕೆಗಳು, ಸೆಮಿನಾರ್ ಸಂಪುಟಗಳು, ಜೆರಾಕ್ಸ್ ಪ್ರತಿಗಳು, ಕಿವಿ ಮಡಚಿದ ಎರಡು ಪುಸ್ತಕ.

“ಸಾರ್, ಪ್ರಮೋಷನ್ ಫಾರಂನಲ್ಲಿ ಎಚ್-ಇಂಡೆಕ್ಸ್ ಅಂತ ಒಂದು ಕಾಲಂ ಇದೆ. ಆಫೀಸಲ್ಲಿ ಕೇಳಿದ್ರೆ ‘ನಿಮಗೇ ಗೊತ್ತಿರ್ಬೇಕಲ್ಲಾ ಮೇಡಂ’ ಅಂತಾರೆ. ನಂಗೆ ಗೊತ್ತಿರೋ ಇಂಡೆಕ್ಸು ಪುಸ್ತಕದ ಕೊನೇಲಿರುತ್ತಲ್ಲ, ಅದೊಂದೇ.”

ಎಚ್-ಇಂಡೆಕ್ಸ್ ಎಂದರೆ ನಮ್ಮ ಬರಹಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದರಿಂದ ತೆಗೆಯುವ ಒಂದು ಅಂಕಿ, ಲೆಕ್ಕ ಮುಂದೆ ಹೇಳುತ್ತೇನೆ. ಮೇಡಂ ವಸಾಹತೋತ್ತರ ಸಾಹಿತ್ಯದಲ್ಲಿ, ಅಂದರೆ ವಸಾಹತು ಆಳ್ವಿಕೆ ಕಂಡ ನಾಡುಗಳ ಬರಹದಲ್ಲಿ, ಕೆಲಸ ಮಾಡಿದವರು. ಆಫ್ರಿಕದ, ಕೆರಿಬಿಯನ್ ದ್ವೀಪಗಳ ಕಾದಂಬರಿಗಳನ್ನು ಕನ್ನಡ ಕಾದಂಬರಿಗಳ ಪಕ್ಕದಲ್ಲಿಟ್ಟು ಓದುವವರು. ನಾನು ಕಾಲೇಜು ಲೈಬ್ರರಿಯಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತನಾದವನು. ಬೆಳಗ್ಗೆ ಹತ್ತಕ್ಕೆ ಕೂತವರು ಸಂಜೆ ಆರಕ್ಕೆ ಎದ್ದೆವು. ಸಾಲದೆ ಆಮೇಲೆ ಎರಡು ಭಾನುವಾರವೂ ಬೇಕಾಯಿತು. ನಾವು ಮಾಡಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಇತಿಹಾಸ, ಜಾನಪದ, ಕನ್ನಡ ವಿಭಾಗದವರಿಗೂ ಬಹುಪಾಲು ಇದೇ ದಾರಿ.

ಮೊದಲು ಕಂಪ್ಯೂಟರ್ ಮುಚ್ಚಿಡಿ

ತುಂಬಾ ಜನ ನೇರವಾಗಿ ಗೂಗಲ್ ತೆರೆದು ಹೆಸರು ಹೊಡೆದು, ಬಂದದ್ದನ್ನು ಬರೆದುಕೊಳ್ಳುತ್ತಾರೆ. ಬಾರದೇ ಇದ್ದದ್ದು ಯಾವುದು ಎಂದು ಅವರಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ಮೊದಲು ಮನೆಯಲ್ಲಿರುವುದನ್ನೆಲ್ಲ ನೆಲದ ಮೇಲೆ ಹರಡಿ, ಒಂದೊಂದಕ್ಕೂ ಒಂದು ಸಾಲು ಬರೆಯಿರಿ. ಅಚ್ಚಾಗಿರುವಂತೆಯೇ ಶೀರ್ಷಿಕೆ, ವರ್ಷ, ಸಂಪುಟ, ಸಂಚಿಕೆ, ಪುಟ, ಸಂಪಾದಕರ ಹೆಸರು, ಪ್ರಕಾಶಕರು. ಶೀರ್ಷಿಕೆಯನ್ನು ನೆನಪಿನಿಂದ ಬರೆಯಬೇಡಿ. ನಮ್ಮ ಮೇಡಂ ಹೇಳಿದ ಒಂದು ಶೀರ್ಷಿಕೆಗೂ ಅಚ್ಚಾದ ಶೀರ್ಷಿಕೆಗೂ ನಾಲ್ಕು ಪದ ವ್ಯತ್ಯಾಸವಿತ್ತು. ಸೆಮಿನಾರಿನಲ್ಲಿ ಓದಿದ್ದು ಒಂದು, ಸಂಪಾದಕರು ಹಾಕಿದ್ದು ಇನ್ನೊಂದು.

ಪತ್ರಿಕೆಯಾದರೆ ಅದರ ಗುರುತಿನ ಸಂಖ್ಯೆಯಾದ ಐಎಸ್‌ಎಸ್‌ಎನ್ ನೋಡಿ. ನಾಲ್ಕು ಅಂಕಿ, ಅಡ್ಡಗೆರೆ, ಮತ್ತೆ ನಾಲ್ಕು. ಕೊನೆಯದು ಕೆಲವೊಮ್ಮೆ ಅಂಕಿಯ ಬದಲು ಎಕ್ಸ್ ಅಕ್ಷರವಾಗಿರುತ್ತದೆ, ಅದು ತಪ್ಪಲ್ಲ. ಪುಸ್ತಕವಾದರೆ ಅದರ ಗುರುತಿನ ಸಂಖ್ಯೆ ಐಎಸ್‌ಬಿಎನ್: 2007ರಿಂದ ಈಚೆಗೆ 13 ಅಂಕಿ, ಅದಕ್ಕೂ ಹಿಂದಿನವಕ್ಕೆ 10. ಡಿಒಐ, ಅಂದರೆ ಅಂತರ್ಜಾಲದಲ್ಲಿ ಬರಹಕ್ಕೆ ಕೊಡುವ ಶಾಶ್ವತ ಗುರುತು, ಇದ್ದರೆ ಅದು 10 ಎಂಬ ಅಂಕಿ ಮತ್ತು ಒಂದು ಚುಕ್ಕಿಯಿಂದ ಶುರುವಾಗುತ್ತದೆ. ಇಲ್ಲದಿದ್ದರೆ ಗಾಬರಿ ಬೇಡ, ನಮ್ಮ ಕಡೆಯ ಸಾಹಿತ್ಯ ಪತ್ರಿಕೆಗಳಲ್ಲಿ ಇಲ್ಲದಿರುವುದೇ ಹೆಚ್ಚು. ಪ್ರತಿಯೊಂದರ ಮುಖಪುಟ, ಪರಿವಿಡಿ, ಲೇಖನದ ಮೊದಲ ಪುಟ, ಈ ಮೂರನ್ನು ಫೋನಿನಲ್ಲೇ ಸ್ಕ್ಯಾನ್ ಮಾಡಿ ಒಂದು ಫೋಲ್ಡರಿಗೆ ಹಾಕಿ.

ಕನ್ನಡದಲ್ಲಿ ಬರೆದದ್ದನ್ನೂ ಪಟ್ಟಿಗೆ ಸೇರಿಸಿ. “ಅದು ಬಿಡಿ ಸಾರ್, ಅದಕ್ಕೆ ಪಾಯಿಂಟ್ ಬರಲ್ಲ” ಎಂದರು ಮೇಡಂ. ಬರುತ್ತದೋ ಇಲ್ಲವೋ ಆಮೇಲೆ ನೋಡೋಣ, ಬರೆದದ್ದು ಬರೆದದ್ದೇ ಎಂದೆ. ಸಂಜೆಯ ಹೊತ್ತಿಗೆ ಪಟ್ಟಿಯಲ್ಲಿ 31 ಸಾಲಾಯಿತು. ಫಾರಂಗೆಂದು ಅವರು ಮೊದಲೇ ಬರೆದುಕೊಂಡು ಬಂದಿದ್ದ ಪಟ್ಟಿಯಲ್ಲಿ ಇದ್ದದ್ದು 14.

ನೀವು ಒಬ್ಬರೋ, ನಾಲ್ವರೋ?

ನಮ್ಮ ಸೀಮೆಯವರ ಹೆಸರಿನ ಪಾಡು ದೊಡ್ಡದು. ಊರಿನ ಇನಿಷಿಯಲ್, ತಂದೆಯ ಇನಿಷಿಯಲ್, ಆಮೇಲೆ ಹೆಸರು. ಸರ್‌ನೇಮ್ ಎಂಬುದು ಎಷ್ಟೋ ಜನಕ್ಕೆ ಇಲ್ಲವೇ ಇಲ್ಲ. ಮೇಡಂ ಹೆಸರು ನಾಲ್ಕು ರೂಪದಲ್ಲಿ ಸಿಕ್ಕಿತು. ಒಂದು ಕಡೆ ಇನಿಷಿಯಲ್ ಮುಂದೆ, ಒಂದು ಕಡೆ ಹಿಂದೆ. ಇಂಗ್ಲಿಷ್ ಸ್ಪೆಲಿಂಗಿನಲ್ಲಿ ತಕಾರಕ್ಕೆ ಎಚ್ ಅಕ್ಷರ ಸೇರಿಸಿದ್ದು ಒಂದು ಕಡೆ, ಬಿಟ್ಟದ್ದು ಇನ್ನೊಂದು ಕಡೆ. ಎಲ್ಲಕ್ಕಿಂತ ಚೆಂದದ್ದು ನಾಲ್ಕನೆಯದು: ವಿದೇಶದ ಸಂಪಾದಕರೊಬ್ಬರು ಇನಿಷಿಯಲ್ ಬಿಡಿಸಿ ಬರೆಯಿರಿ ಎಂದಿದ್ದರಂತೆ, ಇವರು ಬಿಡಿಸಿದರು. ಈಗ ಸ್ಕೋಪಸ್ ಎಂಬ ಉಲ್ಲೇಖಗಳ ಡೇಟಾಬೇಸಿನಲ್ಲಿ ಕಿರುಗಾವಲು ಎಂಬ ಹೆಸರಿನ ಪ್ರತ್ಯೇಕ ವಿದ್ವಾಂಸರೊಬ್ಬರು ಇದ್ದಾರೆ. ಮಳವಳ್ಳಿ ತಾಲ್ಲೂಕಿನ ಊರಿಗೆ ಒಂದು ಲೇಖನ, ಮೂರು ಉಲ್ಲೇಖ.

ಊರಿನ ಹೆಸರೂ ಹೀಗೆಯೇ. ಮೈಸೂರಿನ ಇಂಗ್ಲಿಷ್ ಸ್ಪೆಲಿಂಗ್ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ವಿಶ್ವವಿದ್ಯಾನಿಲಯ ಮಾತ್ರ ತನ್ನ ಹೆಸರಿನಲ್ಲಿ ಹಳೆಯ ಸ್ಪೆಲಿಂಗನ್ನೇ ಇಟ್ಟುಕೊಂಡಿದೆ. ಹುಡುಕುವಾಗ ಎರಡೂ ಬಗೆಯಲ್ಲಿ ಹುಡುಕಿ.

ಇದಕ್ಕೆ ಮದ್ದು ಓರ್ಕಿಡ್ ಸಂಖ್ಯೆ. 2012ರಲ್ಲಿ ಶುರುವಾದದ್ದು, ಸಂಶೋಧಕರಿಗೆ ಪುಕ್ಕಟೆ, 16 ಸ್ಥಾನದ ಗುರುತು. ಹೆಸರು ಹೇಗೇ ಬರೆದಿರಲಿ, ಸಂಖ್ಯೆ ಒಂದೇ. ನೋಂದಾಯಿಸುವಾಗ ‘ಬೇರೆ ಹೆಸರುಗಳು’ ಎಂಬ ಜಾಗದಲ್ಲಿ ನಾಲ್ಕೂ ರೂಪ ಬರೆಯಿರಿ, ಕನ್ನಡ ಲಿಪಿಯಲ್ಲೂ ಒಮ್ಮೆ ಬರೆಯಿರಿ. ಕಾಲೇಜಿನ ಇ-ಮೇಲ್ ಜೊತೆಗೆ ಸ್ವಂತ ಇ-ಮೇಲನ್ನೂ ಕೊಡಿ, ವರ್ಗವಾದಾಗ ಅಥವಾ ನಿವೃತ್ತಿಯಾದಾಗ ಒದ್ದಾಡಬೇಕಾಗುವುದಿಲ್ಲ. ಇನ್ಮುಂದೆ ಎಲ್ಲಿಗೆ ಲೇಖನ ಕಳಿಸಿದರೂ ಒಂದೇ ರೂಪದ ಹೆಸರು ಹಾಕುವುದೆಂದು ಅವತ್ತೇ ತೀರ್ಮಾನ ಮಾಡಿಬಿಡಿ.

ಗೂಗಲ್ ಸ್ಕಾಲರ್ ಪ್ರೊಫೈಲು

ಈಗ ಕಂಪ್ಯೂಟರ್ ತೆರೆಯಬಹುದು. ವಿದ್ವತ್ ಬರಹಗಳನ್ನೂ ಅವುಗಳ ಉಲ್ಲೇಖಗಳನ್ನೂ ಹುಡುಕಿ ಕೊಡುವ ಗೂಗಲ್ ಸ್ಕಾಲರ್ 2004ರಿಂದ ಇದೆ. ಅದರಲ್ಲಿ ನಿಮ್ಮದೇ ಪ್ರೊಫೈಲ್ ಮಾಡಿಕೊಂಡರೆ ಅದು ತಾನಾಗಿ ಲೇಖನಗಳನ್ನು ಹುಡುಕಿ ತಂದು ‘ಇವು ನಿಮ್ಮವಾ?’ ಎಂದು ಕೇಳುತ್ತದೆ. ಇಲ್ಲಿ ಅವಸರ ಬೇಡ. ಮೇಡಂಗೆ ಅದು ರೇಷ್ಮೆ ಹುಳುವಿನ ರೋಗದ ಮೇಲಿನ ಎರಡು ಲೇಖನಗಳನ್ನೂ ಕೊಡಲು ಬಂತು. ಅದೇ ಇನಿಷಿಯಲ್, ಅದೇ ಹೆಸರು, ಬೇರೆ ಯಾರದೋ ದುಡಿಮೆ. ಅವನ್ನು ಒಪ್ಪಿಕೊಂಡಿದ್ದರೆ ಉಲ್ಲೇಖಗಳ ಸಂಖ್ಯೆ ಸೊಗಸಾಗಿ ಏರುತ್ತಿತ್ತು. ಹಾಗೆ ಏರಿಸಿಕೊಂಡು ಕೂತ ಪ್ರೊಫೈಲುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೆಲವು ಗೊತ್ತಿಲ್ಲದೆ ಆದದ್ದು, ಕೆಲವು ಗೊತ್ತಿದ್ದೇ.

ಸೆಟ್ಟಿಂಗ್ಸಿನಲ್ಲಿ ಹೊಸ ಲೇಖನಗಳನ್ನು ತಾನಾಗಿ ಸೇರಿಸಬೇಡ, ಇ-ಮೇಲ್ ಕಳಿಸಿ ಕೇಳು ಎಂಬ ಆಯ್ಕೆ ಇದೆ. ಅದನ್ನೇ ಇಟ್ಟುಕೊಳ್ಳಿ. ಸಿಗದೇ ಹೋದವನ್ನು ಕೈಯಿಂದ ಸೇರಿಸಬಹುದು. ನೆಲದ ಮೇಲೆ ಕೂತು ಬರೆದ ಪಟ್ಟಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದೇ ಲೇಖನ ಎರಡು ಸ್ಪೆಲಿಂಗಿನಲ್ಲಿ ಎರಡು ಸಾಲಾಗಿ ಬಂದಿದ್ದರೆ ಎರಡನ್ನೂ ಗುರುತು ಮಾಡಿ ವಿಲೀನ ಮಾಡಿ.

ವಿಲೀನ ಮಾಡಿದಾಗ ಒಂದು ತಮಾಷೆ ಆಯಿತು. ಅದನ್ನು ಹೇಳಬೇಕಾದರೆ ಎಚ್-ಇಂಡೆಕ್ಸ್ ಏನೆಂದು ಮೊದಲು ಹೇಳಬೇಕು.

5 ಇದ್ದದ್ದು 4 ಆದದ್ದು

ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ 2005ರಲ್ಲಿ ಸೂಚಿಸಿದ ಅಳತೆ ಇದು. ಲೇಖನಗಳನ್ನು ಹೆಚ್ಚು ಉಲ್ಲೇಖದಿಂದ ಕಡಿಮೆ ಉಲ್ಲೇಖದ ಕಡೆಗೆ ಜೋಡಿಸಿ, ಪಕ್ಕದಲ್ಲಿ 1, 2, 3 ಎಂದು ಕ್ರಮಸಂಖ್ಯೆ ಹಾಕುತ್ತಾ ಹೋಗಿ. ಉಲ್ಲೇಖದ ಸಂಖ್ಯೆ ಕ್ರಮಸಂಖ್ಯೆಗೆ ಸಮ ಅಥವಾ ಹೆಚ್ಚಾಗಿರುವ ಕೊನೆಯ ಸಾಲೇ ನಿಮ್ಮ ಎಚ್-ಇಂಡೆಕ್ಸ್. ಇಷ್ಟೇ.

ಮೇಡಂ ಪ್ರೊಫೈಲಿನಲ್ಲಿ ಮೊದಲು ಇದ್ದ ಸಾಲು: 15, 11, 9, 7, 5, 4, 2, 1. ಐದನೆಯ ಸಾಲಿನಲ್ಲಿ 5 ಉಲ್ಲೇಖ ಇದೆ, ಆರನೆಯದರಲ್ಲಿ 4 ಮಾತ್ರ. ಹಾಗಾಗಿ ಎಚ್-ಇಂಡೆಕ್ಸ್ 5. ಆದರೆ 15 ಮತ್ತು 9 ಒಂದೇ ಲೇಖನದ ಎರಡು ಸಾಲು. ವಿಲೀನ ಮಾಡಿದೆವು: 24, 11, 7, 5, 4, 2, 1. ಈಗ ನಾಲ್ಕನೆಯ ಸಾಲಿನಲ್ಲಿ 5 ಇದೆ, ಐದನೆಯದರಲ್ಲಿ 4. ಎಚ್-ಇಂಡೆಕ್ಸ್ 4ಕ್ಕೆ ಇಳಿಯಿತು. ಒಟ್ಟು ಉಲ್ಲೇಖ ಮೊದಲೂ 54, ಈಗಲೂ 54. ಹತ್ತು ಅಥವಾ ಹೆಚ್ಚು ಉಲ್ಲೇಖ ಪಡೆದ ಲೇಖನಗಳ ಸಂಖ್ಯೆ, ಅಂದರೆ ಸ್ಕಾಲರ್ ತೋರಿಸುವ ಐ10-ಇಂಡೆಕ್ಸ್, ಮೊದಲೂ 2, ಈಗಲೂ 2.

ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಾಗೇ ಬಿಟ್ಟಿದ್ರೆ 5 ಇರ್ತಿತ್ತು ಅಲ್ವಾ ಸಾರ್?” ಇರುತ್ತಿತ್ತು. ಆದರೆ ಸಂದರ್ಶನದಲ್ಲಿ ಕೂತವರೊಬ್ಬರು ಪ್ರೊಫೈಲ್ ತೆರೆದು ಅದೇ ಶೀರ್ಷಿಕೆ ಎರಡು ಸಲ ಕಂಡರೆ, ಆಮೇಲೆ ಉಳಿದ ಯಾವ ಸಂಖ್ಯೆಯನ್ನೂ ನಂಬುವುದಿಲ್ಲ. ಎಲ್ಲರಿಗೂ ಇಳಿಯುತ್ತದೆ ಎಂದೇನಿಲ್ಲ. ಮೂರು ಮೂರು ಉಲ್ಲೇಖದ ಎರಡು ಸಾಲು ಸೇರಿ ಆರಾದರೆ ಏರಲೂಬಹುದು. ಏರಲಿ ಇಳಿಯಲಿ, ವಿಲೀನ ಮಾಡಿಯೇ ಬರೆಯಿರಿ.

ನನ್ನ ಅಭಿಪ್ರಾಯ ಕೇಳಿದರೆ, ಸಾಹಿತ್ಯದವರಿಗೆ ಈ ಅಳತೆ ಅಷ್ಟು ಹೊಂದುವುದಿಲ್ಲ. ವಿಜ್ಞಾನದಲ್ಲಿ ಐದಾರು ಜನ ಸೇರಿ ಚಿಕ್ಕ ಚಿಕ್ಕ ಲೇಖನಗಳನ್ನು ಬರೆಯುತ್ತಾರೆ. ಸಾಹಿತ್ಯದವರು ಒಬ್ಬರೇ ಕೂತು ಆರು ವರ್ಷಕ್ಕೊಂದು ಪುಸ್ತಕ ಬರೆಯುತ್ತಾರೆ. ಒಂದೇ ಪುಸ್ತಕ ಬರೆದು ಅದಕ್ಕೆ ಸಾವಿರ ಉಲ್ಲೇಖ ಬಂದರೂ ಎಚ್-ಇಂಡೆಕ್ಸ್ 1.

ಸ್ಕೋಪಸ್, ವೆಬ್ ಆಫ್ ಸೈನ್ಸ್

ಇವೆರಡೂ ಉಲ್ಲೇಖಗಳ ಡೇಟಾಬೇಸುಗಳೇ, ಆದರೆ ಆಯ್ದ ಪತ್ರಿಕೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಹಾಗಾಗಿ ಸ್ಕಾಲರ್‌ನಲ್ಲಿ 54 ಇದ್ದದ್ದು ಇಲ್ಲಿ ಐದೋ ಆರೋ ಆಗಬಹುದು, ಹೌಹಾರಬೇಡಿ. ಕಾಲೇಜಿಗೆ ಚಂದಾ ಇಲ್ಲದಿದ್ದರೂ ಸ್ಕೋಪಸ್‌ನಲ್ಲಿ ಲೇಖಕರ ಹೆಸರು ಹುಡುಕಿ ಪ್ರೊಫೈಲ್ ನೋಡಲು ದುಡ್ಡು ಕೊಡಬೇಕಿಲ್ಲ. ಎರಡಾಗಿ ಒಡೆದ ಪ್ರೊಫೈಲ್ ಸೇರಿಸಿ ಎಂದು ಕೋರಿಕೆಯನ್ನೂ ಕಳಿಸಬಹುದು. ಕಿರುಗಾವಲು ವಿದ್ವಾಂಸರನ್ನು ಮೇಡಂ ಜೊತೆ ಸೇರಿಸಲು ನಾವು ಮಾಡಿದ್ದು ಅದನ್ನೇ.

ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬುದು ಪತ್ರಿಕೆಯದು, ನಿಮ್ಮದಲ್ಲ. ಅದರ ಸಾಮಾನ್ಯ ಲೆಕ್ಕ ಹಿಂದಿನ ಎರಡು ವರ್ಷದ ಲೇಖನಗಳಿಗೆ ಬಂದ ಉಲ್ಲೇಖದ ಮೇಲೆ ನಿಂತಿದೆ. ಎಡ್ವರ್ಡ್ ಸೈದ್ ಅವರ ‘ಓರಿಯೆಂಟಲಿಸಂ’ ಬಂದದ್ದು 1978ರಲ್ಲಿ, ಇವತ್ತಿಗೂ ಅದನ್ನು ಉಲ್ಲೇಖಿಸದೆ ವಸಾಹತೋತ್ತರ ಸಾಹಿತ್ಯದ ಮೇಲೆ ಪಿಎಚ್.ಡಿ. ಮುಗಿಯುವುದಿಲ್ಲ. ಇಷ್ಟು ನಿಧಾನವಾಗಿ ಬೇಯುವ ಅಡುಗೆಗೆ ಎರಡು ವರ್ಷದ ಗಡಿಯಾರ ಇಟ್ಟರೆ ಏನು ತಿಳಿದೀತು?

ಕನ್ನಡದ ಉಲ್ಲೇಖಗಳು ಯಾಕೆ ಸಿಗುವುದಿಲ್ಲ

ಎರಡನೆಯ ಭಾನುವಾರವೆಲ್ಲ ಇದಕ್ಕೇ ಹೋಯಿತು. ಮೇಡಂ ಬರೆದ ಒಂದು ಕನ್ನಡ ಲೇಖನವನ್ನು ಇಬ್ಬರು ಸಂಶೋಧಕರು ತಮ್ಮ ಪ್ರಬಂಧದಲ್ಲಿ ಬಳಸಿದ್ದು ಅವರಿಗೆ ಗೊತ್ತಿತ್ತು, ಏಕೆಂದರೆ ಆ ಇಬ್ಬರೂ ಫೋನ್ ಮಾಡಿ ಹೇಳಿದ್ದರು. ಸ್ಕಾಲರ್‌ನಲ್ಲಿ ಒಂದೂ ಇಲ್ಲ. ಪ್ರಬಂಧ ಶೋಧಗಂಗಾ ಎಂಬ ಪಿಎಚ್.ಡಿ. ಪ್ರಬಂಧಗಳ ಜಾಲತಾಣದಲ್ಲಿದೆ, ತೆರೆದು ನೋಡಿದರೆ ಪುಟದಲ್ಲಿ ಕನ್ನಡ ಸ್ವಚ್ಛವಾಗಿ ಕಾಣುತ್ತದೆ. ಹಾಗಾದರೆ ಹುಡುಕಾಟಕ್ಕೆ ಯಾಕೆ ಸಿಗಲಿಲ್ಲ?

ಹೀಗೆ ಮಾಡಿ ನೋಡಿ. ಆ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಅದು ಯೂನಿಕೋಡ್. ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಲಸುಮೇಲೋಗರವಾಗಿ ಬಂದರೆ ಅದು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಆದದ್ದು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಅಕ್ಷರ. ಸ್ಕ್ಯಾನ್ ಮಾಡಿದ ಚಿತ್ರವಾಗಿದ್ದರೆ ಕಾಪಿ ಮಾಡಲೂ ಬರುವುದಿಲ್ಲ. ಎಷ್ಟೋ ವರ್ಷ ನಮ್ಮ ಡಿಟಿಪಿ ಅಂಗಡಿಗಳಲ್ಲಿ ಪ್ರಬಂಧಗಳು ಟೈಪ್ ಆದದ್ದು ಹೀಗೆಯೇ.

ದಾರಿ ಒಂದೇ, ಕಾಲ್ನಡಿಗೆ. ಶೋಧಗಂಗಾದಲ್ಲಿ ನಿಮ್ಮ ವಿಷಯದ ಪ್ರಬಂಧಗಳ ಪಟ್ಟಿ ಮಾಡಿ, ಪ್ರತಿಯೊಂದರ ಕೊನೆಯ ಗ್ರಂಥಸೂಚಿಯನ್ನಷ್ಟೇ ತೆರೆದು ಕಣ್ಣಾಡಿಸಿ. ವಿಷಯದ ಪದಗಳನ್ನೂ ಬದಲಿಸಿ ಹುಡುಕಿ: ‘ವಸಾಹತೋತ್ತರ’, ‘ವಸಾಹತುಶಾಹಿ’, ‘ನಿರ್ವಸಾಹತೀಕರಣ’. ಇಂಗ್ಲಿಷಿನಲ್ಲಿ ಹುಡುಕುವಾಗ ಹಳೆಯ ಹೆಸರಾದ ಕಾಮನ್‌ವೆಲ್ತ್ ಸಾಹಿತ್ಯವನ್ನು ಮರೆಯಬೇಡಿ. ಈಗಿನ ಹೆಸರು ಚಲಾವಣೆಗೆ ಬರುವ ಮೊದಲು ಈ ಬಗೆಯ ಓದು ಬಹುಮಟ್ಟಿಗೆ ನಡೆದದ್ದು ಆ ಹೆಸರಿನಲ್ಲೇ. ಅದರ ಒಂದು ದೊಡ್ಡ ನೆಲೆ ನಮ್ಮ ಮೈಸೂರೇ ಆಗಿತ್ತು. ಇಂಗ್ಲಿಷ್ ಪ್ರಾಧ್ಯಾಪಕರೂ ವಿಮರ್ಶಕರೂ ಆಗಿದ್ದ ಸಿ. ಡಿ. ನರಸಿಂಹಯ್ಯನವರು 1952ರಲ್ಲಿ ‘ದಿ ಲಿಟರರಿ ಕ್ರೈಟೀರಿಯನ್’ ಪತ್ರಿಕೆ ಶುರುಮಾಡಿದರು, 1979ರಲ್ಲಿ ಧ್ವನ್ಯಾಲೋಕ ಎಂಬ ಸಾಹಿತ್ಯ ಅಧ್ಯಯನ ಕೇಂದ್ರ ಕಟ್ಟಿದರು. ಅಂಥ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಲೈಬ್ರರಿಯಲ್ಲಿ ಕೂತು ತಿರುವಿದರೆ ಯಾವ ಡೇಟಾಬೇಸೂ ತೋರಿಸದ ಅಡಿಟಿಪ್ಪಣಿಗಳು ಸಿಗುತ್ತವೆ.

ನಿಮ್ಮ ಕನ್ನಡ ಲೇಖನಗಳು ಮುಂದಿನವರಿಗಾದರೂ ಸಿಗಲಿ. ಹಕ್ಕು ನಿಮ್ಮದಾಗಿದ್ದರೆ ಯೂನಿಕೋಡಿಗೆ ಬದಲಿಸಿ ಜೆನೋಡೋದಂಥ ಉಚಿತ ಸಂಗ್ರಹದಲ್ಲಿ ಹಾಕಿ. ಅದು ಡಿಒಐ ಕೊಡುತ್ತದೆ. ಪತ್ರಿಕೆಯದಾಗಿದ್ದರೆ ಸಂಪಾದಕರಿಗೆ ಒಂದು ಮಾತು ಕೇಳಿ ಹಾಕಿ.

ವಸಾಹತೋತ್ತರದವರಿಗೆ ಇದರ ವ್ಯಂಗ್ಯ ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷು ಉಳಿದ ಭಾಷೆಗಳನ್ನು ಹೇಗೆ ಮೂಲೆಗೆ ತಳ್ಳಿತು ಎಂದು ಇಂಗ್ಲಿಷಿನಲ್ಲಿ ಬರೆದರೆ ಲೆಕ್ಕಕ್ಕುಂಟು, ಕನ್ನಡದಲ್ಲಿ ಬರೆದರೆ ಆಟಕ್ಕುಂಟು ಲೆಕ್ಕಕ್ಕಿಲ್ಲ.

ಎಣಿಸಿದ ಮೇಲೆ ಓದಿ

ಹೆಚ್ಚು ಜನ ಬಿಡುವುದು ಈ ಹೆಜ್ಜೆಯನ್ನು. ನಾನಂತೂ ಉಳಿದದ್ದೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ ಎನ್ನುತ್ತೇನೆ. ಉಲ್ಲೇಖದ ಸಂಖ್ಯೆಯ ಮೇಲೆ ಒತ್ತಿದರೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂಬ ಪಟ್ಟಿ ತೆರೆಯುತ್ತದೆ. ಒಂದೊಂದನ್ನೇ ತೆರೆದು, ನಿಮ್ಮ ಹೆಸರಿರುವ ಪುಟ ಹುಡುಕಿ, ಅಲ್ಲಿ ಏನು ಹೇಳಿದ್ದಾರೆಂದು ಓದಿ, ಒಂದು ಸಾಲು ಬರೆದುಕೊಳ್ಳಿ.

ಮೇಡಂ ಅವರ ಅತಿ ಹೆಚ್ಚು ಉಲ್ಲೇಖಗೊಂಡ ಲೇಖನದ 24 ಉಲ್ಲೇಖಗಳನ್ನು ಹೀಗೆ ಓದಿದೆವು. 11 ಕಡೆ ಹೆಸರಷ್ಟೇ ಇತ್ತು, ಆವರಣದೊಳಗೆ ಇನ್ನೂ ನಾಲ್ಕು ಹೆಸರುಗಳ ಜೊತೆ, ಮದುವೆ ಮನೆಯ ಗುಂಪು ಫೋಟೋದಲ್ಲಿ ನಿಂತ ಹಾಗೆ. 6 ಕಡೆ ಅವರು ಕೊಟ್ಟ ಒಂದು ವ್ಯಾಖ್ಯೆಯನ್ನು ಬಳಸಿಕೊಂಡಿದ್ದರು. 4 ಕಡೆ ಅವರ ವಾದವನ್ನು ಎತ್ತಿಕೊಂಡು ಬೇರೆ ಕಾದಂಬರಿಗೆ ಹಚ್ಚಿ ನೋಡಿದ್ದರು. 2 ಯಂತ್ರದ ತಪ್ಪು, ಅಲ್ಲಿ ಇವರ ಹೆಸರೇ ಇರಲಿಲ್ಲ. ಕೊನೆಯ 1ರಲ್ಲಿ ಒಬ್ಬ ಸಂಶೋಧಕರು ಮೂರು ಪುಟ ಇವರ ಮಾತನ್ನು ಅಲ್ಲಗಳೆದಿದ್ದರು. ಮೇಡಂ ಮುಖ ಅರಳಿದ್ದು ಆಗಲೇ. “ನೋಡಿ ಸಾರ್, ಕೂತು ಓದಿ ಜಗಳ ಆಡಿದ್ದಾರೆ!”

ತಪ್ಪು ಎರಡನ್ನು ಕಳೆದು 22 ಎಂದು ಬರೆದೆವು. ನಿಮ್ಮನ್ನು ನೀವೇ ಉಲ್ಲೇಖಿಸಿದ್ದಿದ್ದರೆ ಅದನ್ನೂ ಬೇರೆ ತೋರಿಸಿ. ಸ್ಕಾಲರ್ ತಾನಾಗಿ ಕಳೆಯುವುದಿಲ್ಲ. ಸ್ಕೋಪಸ್‌ನಲ್ಲಿ ಕಳೆದು ನೋಡುವ ಸೌಲಭ್ಯವಿದೆ, ಅದಕ್ಕೆ ಚಂದಾ ಇರುವ ಲೈಬ್ರರಿಗೆ ಹೋಗಬೇಕಾದೀತು.

ಅಂಕದ ಕೋಷ್ಟಕ

ಉಲ್ಲೇಖ ಬೇರೆ, ಅಂಕ ಬೇರೆ. ಇವೆರಡನ್ನು ಕಲಸಿಕೊಳ್ಳುವವರೇ ಜಾಸ್ತಿ. ಯುಜಿಸಿಯ, ಅಂದರೆ ವಿಶ್ವವಿದ್ಯಾನಿಲಯ ಅನುದಾನ ಆಯೋಗದ, 2018ರ ನಿಯಮಾವಳಿಯ ಸಂಶೋಧನಾ ಕೋಷ್ಟಕದಲ್ಲಿ ಉಲ್ಲೇಖಗಳಿಗೆಂದೇ ಅಂಕವಿಲ್ಲ. ಭಾಷೆ, ಮಾನವಿಕ ವಿಭಾಗದವರಿಗೆ ಒಂದು ಸಂಶೋಧನಾ ಲೇಖನಕ್ಕೆ 10, ಅಂತರರಾಷ್ಟ್ರೀಯ ಪ್ರಕಾಶಕರ ಪುಸ್ತಕಕ್ಕೆ 12, ರಾಷ್ಟ್ರೀಯ ಪ್ರಕಾಶಕರದಕ್ಕೆ 10, ಸಂಪಾದಿತ ಗ್ರಂಥದ ಅಧ್ಯಾಯಕ್ಕೆ 5. ಅನುವಾದಕ್ಕೂ ಇದೆ: ಪುಸ್ತಕಕ್ಕೆ 8, ಅಧ್ಯಾಯ ಅಥವಾ ಲೇಖನಕ್ಕೆ 3. ಇಬ್ಬರು ಸೇರಿ ಬರೆದದ್ದಾದರೆ ತಲಾ ಶೇ. 70. ಅನುವಾದದ ಸಾಲನ್ನು ನಮ್ಮವರು ಖಾಲಿ ಬಿಡುವುದು ನೋಡಿದ್ದೇನೆ. ಮೇಡಂ ಕೂಡ ಬಿಟ್ಟಿದ್ದರು, ಅವರು ಅನುವಾದಿಸಿದ ಒಂದು ಪುಸ್ತಕ ಚೀಲದ ತಳದಲ್ಲಿತ್ತು. ನಿಮ್ಮ ಅರ್ಜಿಗೆ ಅನ್ವಯಿಸುವ ನಿಯಮ ಯಾವ ವರ್ಷದ್ದೆಂದು ಕಚೇರಿಯಲ್ಲಿ ಬರವಣಿಗೆಯಲ್ಲೇ ಕೇಳಿ ತಿಳಿದುಕೊಳ್ಳಿ.

ಗಾಯತ್ರಿ ಚಕ್ರವರ್ತಿ ಸ್ಪಿವಾಕ್ ಅವರ ‘ಕ್ಯಾನ್ ದ ಸಬಾಲ್ಟರ್ನ್ ಸ್ಪೀಕ್?’ ಈ ಕ್ಷೇತ್ರದಲ್ಲಿ ಎಲ್ಲರೂ ಉಲ್ಲೇಖಿಸುವ ಪ್ರಬಂಧ. ಅದು 1988ರಲ್ಲಿ ಒಂದು ಸಂಪಾದಿತ ಗ್ರಂಥದ ಅಧ್ಯಾಯವಾಗಿ ಬಂತು. ನಮ್ಮ ಕೋಷ್ಟಕದ ಪ್ರಕಾರ 5 ಅಂಕ.

ಪತ್ರಿಕೆ ಯಾವುದಾದರೂ ಆದೀತೇ ಎಂದರೆ, ಮೊದಲು 2019ರಲ್ಲಿ ಬಂದ ಯುಜಿಸಿ-ಕೇರ್ ಎಂಬ ಒಪ್ಪಿತ ಪತ್ರಿಕೆಗಳ ಪಟ್ಟಿ ನೋಡುತ್ತಿದ್ದೆವು. 2025ರ ಫೆಬ್ರವರಿಯಲ್ಲಿ ಯುಜಿಸಿ ಅದನ್ನು ಕೈಬಿಟ್ಟಿತು. ಪತ್ರಿಕೆಯ ಯೋಗ್ಯತೆ ತೂಗುವುದು ಈಗ ಸಂಸ್ಥೆಗಳ, ಅಧ್ಯಾಪಕರ ತಲೆಯ ಮೇಲೆ. ಲೇಖನ ಬಂದ ವರ್ಷದಲ್ಲಿ ಆ ಪತ್ರಿಕೆ ಪಟ್ಟಿಯಲ್ಲಿತ್ತೆಂಬ ದಾಖಲೆ ಇದ್ದರೆ ಜೋಪಾನ ಮಾಡಿ. ‘ಮೂರು ದಿನದಲ್ಲಿ ಪ್ರಕಟಣೆ, ಇಂಪ್ಯಾಕ್ಟ್ ಫ್ಯಾಕ್ಟರ್ 7, ಶುಲ್ಕ ಇಷ್ಟು’ ಎಂದು ವಾಟ್ಸಾಪಿನಲ್ಲಿ ಬರುವುದಕ್ಕೆ ಉತ್ತರ ಕೂಡ ಬರೆಯಬೇಡಿ. ಮೂರು ದಿನದಲ್ಲಿ ಯಾರೂ ನಿಮ್ಮ ಲೇಖನ ಓದಿ ಪರಿಶೀಲಿಸಿರುವುದಿಲ್ಲ.

ಒಂದು ಪುಟದ ಟಿಪ್ಪಣಿ

ಕಾಲಂನಲ್ಲಿ 4 ಎಂದು ಬರೆದು ಸುಮ್ಮನಾಗಬೇಡಿ. ‘ಲಗತ್ತು ನೋಡಿ’ ಎಂದು ಸೇರಿಸಿ. ಮೇಡಂಗೆ ನಾವು ಬರೆದ ಲಗತ್ತಿನ ಮೊದಲ ಭಾಗ ಹೀಗಿತ್ತು, ಬೇಕಾದವರು ಮಾದರಿಗೆ ಇಟ್ಟುಕೊಳ್ಳಿ:

“ಒಟ್ಟು ಪ್ರಕಟಣೆ 31, ಇಂಗ್ಲಿಷ್ 18, ಕನ್ನಡ 12, ಅನುವಾದಿತ ಪುಸ್ತಕ 1. ಗೂಗಲ್ ಸ್ಕಾಲರ್‌ನಲ್ಲಿ 54 ಉಲ್ಲೇಖಗಳಿದ್ದು, ಪರಿಶೀಲನೆಯಲ್ಲಿ 2 ತಪ್ಪೆಂದು ಕಂಡುಬಂದಿದ್ದರಿಂದ 52 ಎಂದು ಪರಿಗಣಿಸಿದೆ. ಎಚ್-ಇಂಡೆಕ್ಸ್ 4. ಡೇಟಾಬೇಸಿನಲ್ಲಿ ಇಲ್ಲದ, ಕನ್ನಡ ಪಿಎಚ್.ಡಿ. ಪ್ರಬಂಧಗಳಲ್ಲಿ ಕೈಯಾರೆ ಹುಡುಕಿದ ಉಲ್ಲೇಖಗಳು 9. ಪುಟಗಳ ಪ್ರತಿ ಲಗತ್ತಿಸಿದೆ. ಅತಿ ಹೆಚ್ಚು ಉಲ್ಲೇಖಗೊಂಡ ಲೇಖನದ ವಾದವನ್ನು 4 ಅಧ್ಯಯನಗಳು ಮುಂದುವರಿಸಿವೆ, 1 ಅಧ್ಯಯನ ವಿವರವಾಗಿ ಅಲ್ಲಗಳೆದಿದೆ.”

ಕೆಳಗೆ ತಾರೀಖು ಹಾಕಿ, ಪ್ರೊಫೈಲಿನ ಪುಟವನ್ನು ಅದೇ ದಿನ ಪ್ರಿಂಟ್ ತೆಗೆದು ಲಗತ್ತಿಸಿ. ಉಲ್ಲೇಖದ ಸಂಖ್ಯೆ ವಾರದಿಂದ ವಾರಕ್ಕೆ ಬದಲಾಗುತ್ತದೆ. ಮೇಡಂ ಫೈಲ್ ಕೊಟ್ಟ ಗುರುವಾರ 54 ಇದ್ದದ್ದು ಮುಂದಿನ ಸೋಮವಾರ 53 ತೋರಿಸುತ್ತಿತ್ತು. ಗುಮಾಸ್ತರು ಫೋನ್ ಮಾಡಿ ಒಂದು ಯಾಕೆ ಕಡಿಮೆ ಎಂದು ಕೇಳಿದರಂತೆ. ತಾರೀಖಿನ ಮೇಲೆ ಬೆರಳಿಡಿ ಎಂದರಂತೆ ಮೇಡಂ.